ಕಾರ್ಡ್ ಬಾರದ ಸಾವು

ನಮ್ಮ ಸಂಘದಲ್ಲಿ ಸತ್ತವರೆಲ್ಲ ಅಜಾತಶತ್ರುಗಳು. ಸುಮ್ಮನೆ ಹೇಳುತ್ತಿಲ್ಲ. ಹದಿಮೂರು ವರ್ಷದ ಶ್ರದ್ಧಾಂಜಲಿ ಹಾಳೆಗಳು ನನ್ನ ಬೀರುವಿನಲ್ಲಿವೆ, ಅನುಮಾನವಿದ್ದವರು ಬಂದು ನೋಡಬಹುದು. ಹೊನ್ನವಳ್ಳಿಯ ಸಣ್ಣತಿಮ್ಮಯ್ಯ ಬದುವಿನ ಮೇಲಿನ ಎರಡು ತೆಂಗಿನ ಮರಕ್ಕಾಗಿ ಒಡಹುಟ್ಟಿದ ಅಣ್ಣನ ಮೇಲೆ ಇಪ್ಪತ್ತೆರಡು ವರ್ಷ ಕೋರ್ಟಿಗೆ ಅಲೆದವನು. ಬಸ್ಸಿನಲ್ಲಿ ಅಣ್ಣ ಕೂತಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದ. ಸತ್ತ ವರ್ಷ ಅವನೂ ಅಜಾತಶತ್ರುವಾದ. ಆ ಪದವನ್ನು ಹಾಳೆಯ ಮೇಲೆ ದುಂಡಗೆ ಬರೆದವಳು ನಾನೇ, ಗಿರಿಜಾಂಬಿಕಾ, ಬಿ.ಎಸ್ಸಿ., ಬಿ.ಎಡ್., ನಿವೃತ್ತ ಹೈಸ್ಕೂಲ್ ಟೀಚರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಂದ ಮೈಸೂರಿಗೆ ಹೋಗಿ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದವರ ಸಂಘ ಇದು. ಓದಿ ಬಂದವರು ಎಂದೆ, ಆದರೆ ಬಂದ ಮೇಲೆ ಇವರಲ್ಲಿ ಯಾರೂ ಏನನ್ನೂ ಓದಿದ್ದನ್ನು ನಾನು ಕಂಡಿಲ್ಲ. ಅಧ್ಯಕ್ಷರು ರೇಣುಕಪ್ರಸಾದ್, ಕೊಬ್ಬರಿ ಮಂಡಿ ಮಾಲೀಕರು. ಅವರ ಎಂ.ಎ. ಸರ್ಟಿಫಿಕೇಟು ಮಂಡಿಯ ಗೋಡೆಯ ಮೇಲೆ, ತಕ್ಕಡಿಯ ಹಿಂದೆ ನೇತಾಡುತ್ತಿದೆ. ಉಪಾಧ್ಯಕ್ಷರು ಕರಿಬಸವಯ್ಯ, ನಿವೃತ್ತ ಪ್ರಿನ್ಸಿಪಾಲರು. ಡಿಸೆಂಬರಿನ ಎರಡನೇ ಭಾನುವಾರ ಸಮುದಾಯ ಭವನದಲ್ಲಿ ವಾರ್ಷಿಕ ಸ್ಮರಣೆ ಸಭೆ. ಆ ವರ್ಷ ತೀರಿಕೊಂಡ ಹಳೇ ವಿದ್ಯಾರ್ಥಿಗಳ ಜೀವನವನ್ನು ಒಬ್ಬೊಬ್ಬರದಾಗಿ, ಒಬ್ಬರದು ಒಂದೇ ಸಲ, ಓದುವುದು, ಒಂದು ನಿಮಿಷ ಎದ್ದು ನಿಲ್ಲುವುದು, ಆಮೇಲೆ ಹೋಳಿಗೆ, ಕಾಯಿಹಾಲು. ಜನ ಬರುವುದು ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಅಡುಗೆಯವನು ಕೈಕೊಟ್ಟು ಬರೀ ಪುಳಿಯೋಗರೆ ಎಂದು ಗೊತ್ತಾದಾಗ ಮೂವರು ಅಜಾತಶತ್ರುಗಳನ್ನು ಹನ್ನೆರಡು ಜನರ ಮುಂದೆ ಓದಿ ಮುಗಿಸಿದೆವು.

ನನ್ನ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಜೀವನಗಳನ್ನು ಬರೆಯುವ ಕೆಲಸವೂ, ಆಮಂತ್ರಣದ ಕವರುಗಳ ಮೇಲೆ ವಿಳಾಸ ಬರೆಯುವ ಕೆಲಸವೂ ನನ್ನ ಕೊರಳಿಗೆ ಬಿದ್ದವು. ಸಂಘದಲ್ಲಿ ನಾನೊಬ್ಬಳೇ ಹೆಂಗಸು. ಗಂಡಸರಿಗೆ ಪೆನ್ನು ಭಾರ.

ಯಾರು ಸತ್ತರು ಎಂದು ತಿಳಿಯುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ತೊಂಬತ್ಮೂರರಲ್ಲಿ ಒಂದು ಎಡವಟ್ಟಾಗಿತ್ತು. ಕೆಂಕೆರೆಯ ಹುಚ್ಚಣ್ಣ ತೀರಿಕೊಂಡನೆಂದು ಯಾರೋ ಸಂತೆಯಲ್ಲಿ ಹೇಳಿದ್ದನ್ನು ನಂಬಿ, ಅವನ ಜೀವನವನ್ನು ಓದುತ್ತಿದ್ದಾಗ ಹುಚ್ಚಣ್ಣ ಊಟದ ಹೊತ್ತಿಗೆ ಸರಿಯಾಗಿ ಒಳಗೆ ಬಂದ. ಬೈಗುಳ ಸಮುದಾಯ ಭವನದ ಆಚೆ ರಸ್ತೆಗೂ ಕೇಳಿಸಿತ್ತು. ಅಂದೇ ಕರಿಬಸವಯ್ಯ ನಿಯಮ ಮಾಡಿದರು. ಕಾರ್ಡು ಬಂದರೆ ಮಾತ್ರ ಸಾವು. ಲಿಂಗಾಯತರ ಮನೆಯಿಂದಾದರೆ ಶಿವಗಣಾರಾಧನೆ ಕಾರ್ಡು, ಉಳಿದವರದಾದರೆ ವೈಕುಂಠ ಸಮಾರಾಧನೆ ಕಾರ್ಡು. ಮೂಲೆಯಲ್ಲಿ ಫೋಟೋ, ಕೆಳಗೆ ದುಃಖತಪ್ತರ ಪಟ್ಟಿ. ಆ ಕಾರ್ಡನ್ನು ಫೈಲಿಗೆ ಹಾಕಿ, ಅದರಲ್ಲಿರುವುದನ್ನೇ ಹಿಗ್ಗಿಸಿ ನಾನು ಹನ್ನೆರಡು ಸಾಲು ಬರೆಯುವುದು. ಎಂಟು ವರ್ಷ ಹೀಗೇ ನಡೆಯಿತು. ಇದರಲ್ಲಿ ಏನಾದರೂ ತಪ್ಪಿದೆ ಎಂದು ನನಗೂ ಹೊಳೆದಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ, ದಸರಾ ಕಳೆದ ಮೇಲೆ, ತಿಪಟೂರಿನಲ್ಲಿ ಹೊಸದೊಂದು ಟೈಲರ್ ಅಂಗಡಿಗೆ ರವಿಕೆ ಬಟ್ಟೆ ಕೊಡಲು ಹೋಗಿದ್ದೆ. ನಾನು ತುರುವೇಕೆರೆಯಲ್ಲಿ ಅವಧಿಗೆ ಮುಂಚೆಯೇ ಸ್ವಯಂನಿವೃತ್ತಿ ತೆಗೆದುಕೊಂಡು ತಿಪಟೂರಿಗೆ ಬಂದು ಒಂದು ವರ್ಷವಾಗಿತ್ತಷ್ಟೇ. ಅಂಗಡಿಯ ಹುಡುಗಿ, ಇಪ್ಪತ್ತೈದರ ಆಸುಪಾಸಿನವಳು, ಅಳತೆ ಬರೆದುಕೊಂಡು ಹೆಸರು ಕೇಳಿದಳು. ಹೇಳಿದೆ. ಟೇಪು ಕೆಳಗಿಟ್ಟಳು.

"ಸಂಘದ ಗಿರಿಜಾಂಬಿಕಾ ಟೀಚರ್ರಾ? ನಾನು ಶಬೀನಾ ಅಂತ. ಬುಡನ್ ಸಾಬ್ರ ಮಗಳು. ನಮ್ಮಬ್ಬಂಗೆ ನಿಮ್ಮ ಕಾಗದ ಬತ್ತಾನೇ ಇರುತ್ತೆ."

"ಹೌದಾ? ಒಂದು ಸಲವೂ ಸಭೆಗೆ ಬರಲಿಲ್ಲವಲ್ಲ ಅವರು?"

"ತೀರ್ಕಂಡು ನಾಕು ವರ್ಷ ಆಯ್ತು ಟೀಚರ್."

ಅವಳೇ ಮುಂದುವರಿಸಿದಳು. ತಂದೆಯ ಹೆಸರನ್ನು ಸಭೆಯಲ್ಲಿ ಒಂದು ಸಲ ಓದಬೇಕೆಂದು ತಾಯಿಗೆ ಬಹಳ ಆಸೆಯಂತೆ. ಊರಿನವರಿಗೆಲ್ಲ ಅವರು ಬರೀ ಮೋಟಾರ್ ಸಾಬ್ರು, ಜೊತೆಗೆ ಓದಿದವರ ಬಾಯಲ್ಲಿ ಅವರ ಬದುಕು ಹೆಂಗಿತ್ತು ಅಂತ ಬರಬೇಕಂತೆ. "ಅಮ್ಮಿ ಬೇರೆ ಏನೂ ಕೇಳೋರಲ್ಲ ಟೀಚರ್. ಇದೊಂದ್ ಆಗ್ಬೇಕು," ಎಂದಳು.

ಬುಡನ್ ಸಾಬ್ ನನಗೆ ಮುಖಪರಿಚಯದವರು, ಅಷ್ಟೆ. ಅರವತ್ತೊಂಬತ್ತರಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ, ಪ್ರಥಮ ದರ್ಜೆ. ನಾನು ಬಿ.ಎಸ್ಸಿ.ಯಲ್ಲಿದ್ದಾಗ ಮೈಸೂರಿನ ಲೈಬ್ರರಿಯ ಮೆಟ್ಟಿಲ ಮೇಲೆ ಕಂಡಿದ್ದ ಉದ್ದನೆಯ ಮನುಷ್ಯ. ಆಮೇಲೆ ತಿಪಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟರು. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಮೂರು ತಾಲ್ಲೂಕಿನ ತೋಟದವರು ಅದನ್ನು ಹೊತ್ತು ತರುತ್ತಿದ್ದದ್ದು ಅಲ್ಲಿಗೆ.

ನೇರವಾಗಿ ರೇಣುಕಪ್ರಸಾದರ ಮಂಡಿಗೆ ಹೋದೆ. ಕರಿಬಸವಯ್ಯನೂ ಅಲ್ಲೇ ಇದ್ದರು. ರಿಟೈರಾದ ಮೇಲೆ ಅವರಿಗೆ ಮಂಡಿಯ ಬೆಂಚೇ ಕಾಲೇಜು. ರೇಣುಕಪ್ರಸಾದ್ ಒಂದು ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು.

"ಬುಡನ್ ಸಾಬರು ಹೋಗಿ ನಾಲ್ಕು ವರ್ಷವಾಯಿತಂತಲ್ಲ, ನಿಮಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದೆ.

"ಅಯ್ಯೋ, ಗೊತ್ತಿಲ್ದೆ ಏನ್ ಗಿರಿಜಮ್ಮೋರೆ? ಮಣ್ಣಿಗೇ ಹೋಗಿದ್ನಲ್ಲಾ ನಾನು! ಒಳ್ಳೇ ಮನ್ಸ ಕಣ್ರೀ. ನಮ್ ತೋಟದ್ ಮೋಟ್ರು ಎಲ್ಲಾ ಅವನ ಕೈದೇಯ."

"ಮತ್ತೆ ಸಭೆಯಲ್ಲಿ ಯಾಕೆ ಓದಲಿಲ್ಲ?"

ರೇಣುಕಪ್ರಸಾದ್ ನನ್ನನ್ನು ಮಂಕು ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಕಾರ್ಡ್ ಬರಲಿಲ್ವಲ್ಲ."

ಮಣ್ಣು ಹಾಕಿ ಬಂದ ಮನುಷ್ಯನ ಬಾಯಲ್ಲಿ ಈ ಮಾತು. ಸಾಬರ ಮನೆಯಲ್ಲಿ ಅಂಥ ಕಾರ್ಡು ಹೊಡೆಸುವ ಪದ್ಧತಿಯಿಲ್ಲ ಎಂಬುದು ಇವರಿಗೆ ತಿಳಿಯದ್ದಲ್ಲ. ಅವರ ಮನೆ ಮದುವೆಯ ಬಿರಿಯಾನಿಯನ್ನು ಕದ್ದುಮುಚ್ಚಿ ತಿನ್ನುವಾಗ ಪದ್ಧತಿಯೆಲ್ಲ ತಿಳಿಯುತ್ತದೆ. ಕರಿಬಸವಯ್ಯ ಕನ್ನಡಕ ಸರಿಮಾಡಿಕೊಂಡು, "ನಿಯಮ ಎಲ್ಲರಿಗೂ ಒಂದೇ ಕಣಮ್ಮ. ದಾಖಲೆ ಇಲ್ಲದೆ ಹೇಗೆ?" ಎಂದರು.

ಈ ಕರಿಬಸವಯ್ಯನ ವಿಷಯ ಹೇಳಲೇಬೇಕು. ಎಪ್ಪತ್ತರಲ್ಲಿ ಈ ಕಡೆ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್ ಕೆಲಸಕ್ಕೆ ಇಬ್ಬರೇ ಅರ್ಜಿ ಹಾಕಿದ್ದು, ಬುಡನ್ ಸಾಬ್ ಮತ್ತು ಇವರು. ಅವರು ಪ್ರಥಮ ದರ್ಜೆ, ಇವರು ಎರಡನೇ ಸಲಕ್ಕೆ ಪಾಸಾದ ತೃತೀಯ ದರ್ಜೆ. ಕೆಲಸ ಇವರಿಗೆ ಸಿಕ್ಕಿತು. ಚಾಡಿ ಕೇಳಿ ಹೇಳುತ್ತಿಲ್ಲ. ಒಂದು ವರ್ಷ ಸಭೆಯ ಕಾಫಿ ಹೊತ್ತಿನಲ್ಲಿ ಅವರೇ ನಗುನಗುತ್ತಾ ಹೇಳಿದ್ದು: "ಕಮಿಟಿಯವರು ನಮ್ಮೋನು ಇರೋವಾಗ ಅವನ್ಯಾಕೆ ಅಂದ್ರು ಕಣಮ್ಮ." ಮೂವತ್ತು ವರ್ಷ ಅದೇ ಹಳದಿ ನೋಟ್ಸು ಓದಿ ಹೇಳಿ ಪ್ರಿನ್ಸಿಪಾಲರಾಗಿ ನಿವೃತ್ತರಾದರು. ಇಂಥವರು ದಾಖಲೆ ಕೇಳುತ್ತಾರೆ.

"ಮುನ್ಸಿಪಾಲಿಟಿ ಮರಣ ಪತ್ರ ತಂದರೆ ಆಗುತ್ತದೆಯೇ?" ಎಂದೆ. ಇಬ್ಬರೂ ಮುಖಮುಖ ನೋಡಿಕೊಂಡು, ವಿಶೇಷ ಪ್ರಕರಣ ಎಂದು ಪರಿಗಣಿಸಬಹುದು ಎಂದರು. ದೊಡ್ಡ ಮನಸ್ಸು.

ಮಾರನೇ ದಿನ ಶಬೀನಾಳ ಮನೆಗೆ ಹೋದೆ. ಅವಳ ತಾಯಿ ಸರ್ವರಿ ಬೇಗಂ ಬಾಗಿಲಿಗೇ ಬಂದು ಕರೆದುಕೊಂಡರು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಚಹಾ ಕೊಟ್ಟು, ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಅದರಲ್ಲಿ ಮರಣ ಪತ್ರ. ಅದರ ಕೆಳಗೆ ನಮ್ಮ ಸಂಘದ ನಾಲ್ಕು ಆಮಂತ್ರಣಗಳು, ವರ್ಷಕ್ಕೊಂದು, ಕವರಿನ ಸಮೇತ. 'ಶ್ರೀ ಬುಡನ್ ಸಾಬ್, ಎಂ.ಎಸ್ಸಿ., ತಾವು ತಪ್ಪದೆ ಆಗಮಿಸಿ ಅಗಲಿದ ಗೆಳೆಯರನ್ನು ಸ್ಮರಿಸಬೇಕು.'

"ಈ ಅಕ್ಷರ ನಿಮ್ದೇನಮ್ಮಾ?" ಎಂದರು.

"ಹೌದು," ಎಂದೆ. ಸತ್ತ ಮನುಷ್ಯನನ್ನು ನಾಲ್ಕು ಸಲ ಶ್ರದ್ಧಾಂಜಲಿಗೆ ಕರೆದಿದ್ದೇನೆ, ಅದೂ ಇಷ್ಟು ದುಂಡಗೆ. ನಾಚಿಕೆಯಾಯಿತು.

"ಚೆಂದ ಬರೀತೀರಿ," ಎಂದರು ಸರ್ವರಿ ಬೇಗಂ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾಚಿಕೆಯನ್ನು ನಾನು ಬಹಳ ಹೊತ್ತು ಇಟ್ಟುಕೊಳ್ಳುವವಳಲ್ಲ, ಬೇಗ ಸಿಟ್ಟು ಮಾಡಿಕೊಂಡುಬಿಡುತ್ತೇನೆ. ರೇಣುಕಪ್ರಸಾದ್ ಕಾರ್ಡು ಕೇಳಿದ್ದನ್ನು ಹೇಳಿದೆ. ಕರಿಬಸವಯ್ಯ ದಾಖಲೆ ಕೇಳಿದ್ದನ್ನು ಹೇಳಿದೆ. ಲೆಕ್ಚರರ್ ಕೆಲಸದ ಕತೆ ಅವರಿಗೆ ಗೊತ್ತೇ ಎಂದು ಕೇಳಿ, ಗೊತ್ತು ಎಂದು ತಲೆಯಾಡಿಸಿದರೂ ಬಿಡದೆ ಪೂರ್ತಿ ಹೇಳಿದೆ. ಅವರು ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದರು. "ಅವ್ರು ಅಂಗ್ಡೀಲಿ..." ಎಂದು ಶುರುಮಾಡಿದಾಗ, "ಅದೇ ಅನ್ಯಾಯ ನೋಡಿ, ಎಂ.ಎಸ್ಸಿ. ಓದಿದವರು ಅಂಗಡಿಯಲ್ಲಿ ತಂತಿ ಸುತ್ತಬೇಕಾಯಿತು," ಎಂದೆ. ಅವರು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಹೊರಡುವಾಗ, "ಈ ಸಲ ಸರಿಯಾಗಿ ಓದಿಸುತ್ತೇನೆ, ನೀವಿಬ್ಬರೂ ಬರಲೇಬೇಕು," ಎಂದೆ. ಬರುತ್ತೇವೆ ಎಂದರು.

ಸಭೆಗೆ ವಾರ ಮುಂಚೆ ಹಾಳೆಗಳನ್ನು ಅಧ್ಯಕ್ಷರಿಗೆ ತೋರಿಸಬೇಕು. ಬುಡನ್ ಸಾಬರ ಹಾಳೆಗೆ ರೇಣುಕಪ್ರಸಾದ್ ತಾವೇ ಒಂದು ಒಕ್ಕಣೆ ತಯಾರಿಸಿ ಇಟ್ಟಿದ್ದರು: ಯಶಸ್ವಿ ಉದ್ಯಮಿ, ಸರಳ ಸಜ್ಜನ, ಮಿತಭಾಷಿ, ಅಜಾತಶತ್ರು. "ಮೋಟ್ರು ಗೀಟ್ರು ಅಂತ ಬರೀಬ್ಯಾಡಿ, ಸಂಘಕ್ಕೆ ಒಂದ್ ಘನತೆ ಐತೆ," ಎಂದರು. ಆಗಲಿ ಎಂದು ಇಸಿದುಕೊಂಡು, ಮನೆಗೆ ಬಂದು ಹರಿದು ಒಲೆಗೆ ಹಾಕಿದೆ. ಆಮೇಲೆ ಕೂತು ನನ್ನದೇ ಬರೆದೆ. ಅಷ್ಟು ಸಂತೋಷವಾಗಿ ನಾನು ಯಾವ ಜೀವನವನ್ನೂ ಬರೆದಿರಲಿಲ್ಲ. ಹನ್ನೆರಡು ಸಾಲಿನ ಮಿತಿ ದಾಟಿ ಎರಡು ಪುಟವಾಯಿತು. ಕನ್ನಡಿ ಮುಂದೆ ನಿಂತು ಓದಿ ಅಭ್ಯಾಸ ಮಾಡಿದೆ ಎಂದು ಹೇಳಲು ನಾಚಿಕೆಯಿಲ್ಲ.

ಆ ಡಿಸೆಂಬರಿನಲ್ಲಿ ಸಮುದಾಯ ಭವನ ತುಂಬಿತ್ತು. ತೆಂಗಿಗೆ ನುಸಿ ರೋಗ ಬಿದ್ದು ಕಾಯಿಗಳೆಲ್ಲ ಮುರುಟಿಹೋಗಿದ್ದ ವರ್ಷ. ಯಾವ ಔಷಧಿಯನ್ನು ಬೇರಿಗೆ ಕಟ್ಟಬೇಕು, ಯಾವುದನ್ನು ಸಿಂಪಡಿಸಬೇಕು ಎಂಬ ಮಾತು ಸಾಲುಸಾಲಿಗೆ ಓಡುತ್ತಿತ್ತು. ವೇದಿಕೆಯ ಮೇಲೆ ನೊಣವಿನಕೆರೆಯ ಒಬ್ಬ ವಕೀಲರ ಜೀವನವನ್ನು ಕರಿಬಸವಯ್ಯ ಓದುತ್ತಿದ್ದರು, ಅಜಾತಶತ್ರುವಿನ ಮೇಲೆ ಅಜಾತಶತ್ರು. ಅವರಿಗೂ ನುಸಿಯ ಮಾತೇ ಕೇಳಿಸುತ್ತಿತ್ತೆಂದು ಕಾಣುತ್ತದೆ, ಒಂದು ಪ್ಯಾರಾವನ್ನು ಎರಡು ಸಲ ಓದಿದರು. ಯಾರಿಗೂ ಗೊತ್ತಾಗಲಿಲ್ಲ. ಸರ್ವರಿ ಬೇಗಂ ಮತ್ತು ಶಬೀನಾ ನಾಲ್ಕನೇ ಸಾಲಿನ ತುದಿಯಲ್ಲಿ ಕೂತಿದ್ದರು. ತಾಯಿ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ವೇದಿಕೆಯಿಂದ ಕಣ್ಣು ಕೀಳದೆ ಕೂತಿದ್ದರು. ಆ ಭವನದಲ್ಲಿ ಓದುತ್ತಿದ್ದದ್ದನ್ನು ಕೇಳುತ್ತಿದ್ದವರು ಅವರೊಬ್ಬರೇ.

ಬುಡನ್ ಸಾಬರ ಸರದಿ ಬಂದಾಗ, ಇದನ್ನು ನಾನೇ ಓದುತ್ತೇನೆ ಎಂದು ಮೈಕಿನ ಮುಂದೆ ಹೋಗಿ ನಿಂತೆ.

"ಬುಡನ್ ಸಾಬ್, ತಿಪಟೂರಿನವರು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಎಂ.ಎಸ್ಸಿ. ಮಾಡಿದರು. ತೊಂಬತ್ತೇಳರಲ್ಲಿ ತೀರಿಕೊಂಡರು. ತೀರಿಕೊಂಡ ಮೇಲೂ ನಾಲ್ಕು ವರ್ಷ ಈ ಸಂಘ ಅವರನ್ನು ಬದುಕಿದ್ದವರೆಂದು ಭಾವಿಸಿ ಆಮಂತ್ರಣ ಕಳಿಸಿತು. ಯಾಕೆಂದರೆ ಇಲ್ಲಿ ಸಾವಿಗೂ ಜಾತಿ ಕಾರ್ಡು ಬೇಕು."

ನುಸಿಯ ಮಾತು ನಿಂತಿತು. ನನಗೆ ಹುರುಪು ಬಂತು. ಮಣ್ಣಿಗೆ ಹೋಗಿ ಬಂದೂ ಕಾರ್ಡಿಗೆ ಕಾದ ಅಧ್ಯಕ್ಷರ ಬಗ್ಗೆ ಓದಿದೆ. ಮೋಟಾರು ಎಂಬ ಪದದಿಂದ ಘನತೆ ಕೆಡುವ ಸಂಘದ ಬಗ್ಗೆ ಓದಿದೆ. ಲೆಕ್ಚರರ್ ಹುದ್ದೆಯ ಬಗ್ಗೆ ಒಂದು ಇಡೀ ಪುಟ ಓದಿದೆ. "ಆ ಹುದ್ದೆ ತೃತೀಯ ದರ್ಜೆಯವರೊಬ್ಬರಿಗೆ ಹೋಯಿತು. ಅವರು ಮುಂದೆ ಪ್ರಿನ್ಸಿಪಾಲರಾದರು. ಈಗ ಇದೇ ವೇದಿಕೆಯ ಮೇಲೆ ಕೂತಿದ್ದಾರೆ" ಎಂದಾಗ, ಹಿಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಎಂಬಷ್ಟನ್ನೇ ಕೇಳಿಸಿಕೊಂಡ ಕೆಲವರು ಚಪ್ಪಾಳೆ ತಟ್ಟಿದರು. ಕರಿಬಸವಯ್ಯ ಅಭ್ಯಾಸಬಲದಿಂದ ಕೈಮುಗಿದರು. ಕೈಮುಗಿದ ಮೇಲೆ ಅರ್ಥವಾಗಿ, ಮುಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತರು. ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ರೇಣುಕಪ್ರಸಾದ್ ಎದ್ದು ಬಂದು ಮೈಕನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. "ಗಿರಿಜಾಂಬಿಕಾ ಮೇಡಂ ಸ್ವಲ್ಪ ಭಾವುಕರಾಗವ್ರೆ. ಒಟ್ನಲ್ಲಿ ಬುಡನ್ ಸಾಬ್ರು ಅಜಾತಶತ್ರುಗಳು. ಅವರ ಆತ್ಮ ಶಿವನ ಪಾದ ಸೇರಲಿ ಅಂತ ಎಲ್ಲಾರೂ ಒಂದ್ ನಿಮಿಷ ಎದ್ದು ನಿಂತ್ಕಳಿ." ಎಲ್ಲರೂ ನಿಂತರು. ಅರ್ಧ ನಿಮಿಷವೂ ಆಗಿರಲಿಲ್ಲ, ಊಟದ ಮನೆಯ ಬಾಗಿಲು ತೆಗೆದ ಸದ್ದಾಯಿತು. ಶ್ರದ್ಧಾಂಜಲಿ ಅಲ್ಲಿಗೆ ಮುಗಿಯಿತು.

ನೂಕುನುಗ್ಗಲಿನಲ್ಲಿ ದಾರಿ ಮಾಡಿಕೊಂಡು ತಾಯಿ ಮಗಳ ಹತ್ತಿರ ಹೋದೆ. ಮುಖದ ಮೇಲೆ ಗೆಲುವು ಇತ್ತೆಂದು ಕಾಣುತ್ತದೆ, ಶಬೀನಾ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅಳುತ್ತಿದ್ದಾಳೆಂದುಕೊಂಡೆ. ಅಳುತ್ತಿರಲಿಲ್ಲ.

"ಎಲ್ಲರ ಮುಂದೆ ಹೇಳಿಬಿಟ್ಟೆ, ನೋಡಿದಿರಲ್ಲ," ಎಂದೆ.

"ನೋಡ್ದೆ," ಎಂದರು ಸರ್ವರಿ ಬೇಗಂ. "ಒಂದ್ ಮಾತ್ ಕೇಳ್ಲಾ ಟೀಚರಮ್ಮ? ಬೇಜಾರ್ ಮಾಡ್ಕಬ್ಯಾಡಿ. ನೀವ್ ಓದಿದ್ ಹಾಳೇಲಿ ನಮ್ಮೆಜಮಾನ್ರು ಎಷ್ಟ್ ಹೊತ್ತು ಇದ್ರು?"

"ಎಷ್ಟು ಹೊತ್ತು ಅಂದರೆ?" ಎಂದೆ.

"ಮೊದ್ಲು ಎರಡ್ ಸಾಲು ಇದ್ರು. ಓದಿದ್ರು, ಸತ್ರು. ಮಿಕ್ಕಿದ್ದೆಲ್ಲಾ ಇವ್ರದ್ದೇ ಅಲ್ವೇನಮ್ಮ? ಅಧ್ಯಕ್ಷರದ್ದು, ಪ್ರಿನ್ಸಿಪಾಲ್ರದ್ದು."

"ಅವರಿಗೆ ಆದ ಅನ್ಯಾಯ ಹೇಳಬೇಕಿತ್ತಲ್ಲ..."

"ಕಾಲೇಜ್ ಕೆಲ್ಸ ತಪ್ಪಿದ್ದಕ್ಕೆ ಒಂದ್ ವಾರ ಊಟ ಸರಿಯಾಗ್ ಮಾಡಿರ್ಲಿಲ್ವಂತೆ. ಆಮೇಲೆ ಬುಟ್ಬುಟ್ರು. ಅದಾದ್ಮೇಲೆ ಇಪ್ಪತ್ತೇಳು ವರ್ಷ ಬಾಳಿದ್ರಮ್ಮ ಅವ್ರು. ನನ್ನ ಮದ್ವೆ ಆದ್ರು, ಇವಳ್ನ ಬೆಳೆಸಿದ್ರು. ವೈಂಡಿಂಗ್ ಅಂದ್ರೆ ಪ್ರಾಣ. ಸುಟ್ಟ್ ಮೋಟ್ರು ಮತ್ತೆ ತಿರುಗಿದ್ರೆ ಅಂಗ್ಡಿಯಿಂದ ಕೂಗಿ ನನ್ನ ಕರೆಯೋರು, ಬಾ ನೋಡು ಅಂತ. ಪ್ರತಿ ಸಲಾನೂ." ಸೆರಗು ಸರಿಮಾಡಿಕೊಂಡರು. "ನೀವ್ ಅದನ್ನ ಅನ್ಯಾಯ ಅಂದ್ಬುಟ್ರಿ."

"ನನಗದು ಗೊತ್ತಿರಲಿಲ್ಲ," ಎಂದೆ.

"ಗೊತ್ತಿರಕ್ಕೆ ನೀವೇನ್ ಅವ್ರ ಜೊತೆ ಇದ್ರಾ? ಆದ್ರೆ ಮನೆಗ್ ಬಂದು ಒಂದ್ ಗಂಟೆ ಕೂತಿದ್ರಿ. ಅವ್ರು ಹೆಂಗಿದ್ರು ಅಂತ ಕೇಳ್ತೀರಿ ಕೇಳ್ತೀರಿ ಅಂತ ಕಾಯ್ತಾ ಇದ್ದೆ."

ನಾನು ಕೇಳಿರಲಿಲ್ಲ. ಆ ಒಂದು ಗಂಟೆಯಲ್ಲಿ ನಾನು ಆಡಿದ ಮಾತುಗಳೆಲ್ಲ ನೆನಪಿದ್ದವು, ಒಂದರಲ್ಲೂ ಬುಡನ್ ಸಾಬ್ ಇರಲಿಲ್ಲ. ಹದಿಮೂರು ವರ್ಷ ಈ ಗಂಡಸರನ್ನು ಹೀಗಳೆದು ಬದುಕಿದ ನಾನು, ಸತ್ತವರನ್ನು ಇವರಿಗಿಂತ ಹೆಚ್ಚಾಗಿ ಕಂಡೇ ಇರಲಿಲ್ಲ. ಇವರು ಒಂದು ಪದದಲ್ಲಿ ಮುಗಿಸುತ್ತಿದ್ದರು, ನಾನು ಎರಡು ಪುಟದಲ್ಲಿ ಮುಗಿಸಿದ್ದೆ.

"ನಾಳೆ ಬರುತ್ತೇನೆ," ಎಂದೆ. "ಎಲ್ಲವನ್ನೂ ಹೇಳಿ, ಬರೆದುಕೊಳ್ಳುತ್ತೇನೆ. ಮುಂದಿನ ವರ್ಷ ಸರಿಯಾಗಿ ಓದುತ್ತೇನೆ."

ಸರ್ವರಿ ಬೇಗಂ ನನ್ನ ಕೈ ಹಿಡಿದುಕೊಂಡರು. ಅವರಿಗೆ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಒಬ್ರನ್ನ ಒಂದೇ ಸಲ ಓದೋದಲ್ವಾ ನಿಮ್ಮಲ್ಲಿ?" ಎಂದರು. "ಓದಿ ಆಯ್ತಲ್ಲಮ್ಮ."